ಹಳೆ ಓಮ್ನಿ ಮಿಸ್ಸಿಂಗ್ ಹೊಡೀತಿದ್ಯಾ? ಕಾರ್ಬುರೇಟರ್ ಬಿಚ್ಚೋ ಮುಂಚೆ ಟ್ಯಾಂಕ್‌ನಿಂದ ಶುರು ಮಾಡಿ

ಸಂತೆ ದಿನ ಬೆಳಿಗ್ಗೆ ಮೂಟೆ ತುಂಬಿಕೊಂಡ ಓಮ್ನಿ ಏರಿನಲ್ಲಿ ಜಗ್ಗಿ ಜಗ್ಗಿ ನಿಂತುಬಿಟ್ಟರೆ ಅವತ್ತಿನ ವ್ಯಾಪಾರ ಅರ್ಧ ಹೋದಂತೆಯೇ. ಇಂಥ ಹೊತ್ತಲ್ಲಿ ಎಲ್ಲರ ಬಾಯಲ್ಲೂ ಮೊದಲು ಬರುವ ಮಾತು "ಕಾರ್ಬುರೇಟರ್ ಹೋಗಿದೆ". ಹೋಗಿರಲೂಬಹುದು. ಆದರೆ ಕಾರ್ಬುರೇಟರ್‌ಗೆ ಪೆಟ್ರೋಲ್ ಬರುವ ದಾರಿಯಲ್ಲಿ ಟ್ಯಾಂಕ್ ಮುಚ್ಚಳ, ಪೈಪ್, ಫಿಲ್ಟರ್, ಪಂಪ್ ಇವೆ. ಇವುಗಳಲ್ಲಿ ಯಾವುದು ಕೆಟ್ಟರೂ ಗಾಡಿ ಹೆಚ್ಚುಕಡಿಮೆ ಒಂದೇ ಥರ ಆಡುತ್ತದೆ. ಕೆಲವು ಸಣ್ಣ ಫಿಲ್ಟರ್ ಬದಲಿಸಿದರೆ ಮುಗಿಯುವ ಕೆಲಸ. ಅದಕ್ಕೆ ಹೊಸ ಕಾರ್ಬುರೇಟರ್ ಹಾಕಿಸಿದರೆ ದುಡ್ಡೂ ಹೋಯ್ತು, ತೊಂದರೆಯೂ ಉಳೀತು.

ಆದ್ದರಿಂದ ಟ್ಯಾಂಕ್‌ನಿಂದ ಶುರು ಮಾಡಿ ಒಂದೊಂದೇ ನೋಡುತ್ತಾ ಬನ್ನಿ. ಕಾರ್ಬುರೇಟರ್‌ಗೆ ಕೊನೆಗೆ ಕೈ ಹಾಕಿ.

ಯಾವ ಗಾಡಿಗೆ ಇದು ಅನ್ವಯ?

ಮಾರುತಿ ವ್ಯಾನ್ 1984ರಲ್ಲಿ ಮಾರುಕಟ್ಟೆಗೆ ಬಂತು. ಜಪಾನಿನ ಸುಜುಕಿ ಕ್ಯಾರಿ ಎಂಬ ಮಿನಿ ಟ್ರಕ್, ವ್ಯಾನ್ ವಂಶದ ಗಾಡಿ ಇದು. 1988ರಲ್ಲಿ ಓಮ್ನಿ ಅಂತ ಹೆಸರಾಯಿತು. ಇಂಜಿನ್ ಮಾರುತಿ 800ರಲ್ಲಿದ್ದದ್ದೇ: 796 ಸಿಸಿ, ಮೂರು ಸಿಲಿಂಡರ್. 2019ರಲ್ಲಿ ತಯಾರಿಕೆ ನಿಂತರೂ ಸಾಮಾನು ಸಾಗಿಸುವ ಹಳೆ ಓಮ್ನಿಗಳು ಊರೂರಲ್ಲಿ ಇನ್ನೂ ಓಡುತ್ತಿವೆ.

ಓಮ್ನಿಯಲ್ಲಿ ಎರಡು ಬಗೆ. ಹಳೆಯದಕ್ಕೆ ಕಾರ್ಬುರೇಟರ್, ಆಮೇಲಿನದಕ್ಕೆ ಎಂಪಿಎಫ್‌ಐ. ಡ್ಯಾಶ್‌ಬೋರ್ಡ್ ಹತ್ತಿರ ಎಳೆಯುವ ಚೋಕ್ ಗುಬ್ಬಿ ಇದ್ದರೆ ಅದು ಕಾರ್ಬುರೇಟರ್ ಗಾಡಿ. ಎಂಪಿಎಫ್‌ಐ ಗಾಡಿಗೆ ಚೋಕ್ ಇಲ್ಲ, ಪಂಪ್ ಕರೆಂಟಿನದು, ಪೈಪಿನಲ್ಲಿ ಒತ್ತಡವೂ ಜಾಸ್ತಿ. ಕೆಳಗೆ ಹೇಳಿರುವ ಪೈಪ್ ಬಿಚ್ಚುವ ಪರೀಕ್ಷೆಗಳನ್ನು ಎಂಪಿಎಫ್‌ಐ ಗಾಡಿಯಲ್ಲಿ ಮಾಡಲೇಬಾರದು.

2005ರಲ್ಲಿ ಬಂದ ಟಾಟಾ ಏಸ್ ಡೀಸೆಲ್ ಗಾಡಿ, ಅದಕ್ಕೆ ಕಾರ್ಬುರೇಟರೇ ಇಲ್ಲ. ಡೀಸೆಲ್ ಏಸ್ ಜಗ್ಗಿ ನಿಂತರೆ ಫಿಲ್ಟರ್‌ನಲ್ಲಿ ನೀರು ನಿಂತಿದೆಯಾ, ಲೈನ್‌ಗೆ ಗಾಳಿ ಹೊಕ್ಕಿದೆಯಾ ಅಂತ ಮೊದಲು ನೋಡಿಸಿ.

ಪೆಟ್ರೋಲ್ ಸಾಗುವ ದಾರಿ

ಟ್ಯಾಂಕ್‌ನಿಂದ ಹೊರಟ ಪೆಟ್ರೋಲ್ ಪೈಪ್ ಮೂಲಕ ಫಿಲ್ಟರ್‌ಗೆ, ಅಲ್ಲಿಂದ ಪಂಪ್‌ಗೆ, ಪಂಪ್‌ನಿಂದ ಕಾರ್ಬುರೇಟರ್‌ಗೆ ಹೋಗುತ್ತದೆ. ಪಂಪ್‌ಗೆ ಕರೆಂಟ್ ಬೇಡ. ಇಂಜಿನ್‌ನ ಕ್ಯಾಮ್‌ಶಾಫ್ಟ್ ತಿರುಗುವಾಗ ಪಂಪ್‌ನ ಒಳಗಿನ ರಬ್ಬರ್ ಪೊರೆ, ಅಂದರೆ ಡಯಾಫ್ರಮ್, ಮೇಲೆ ಕೆಳಗೆ ಆಡಿ ಪೆಟ್ರೋಲ್ ಎಳೆಯುತ್ತದೆ. ಹೆಚ್ಚಾದ ಪೆಟ್ರೋಲ್ ಇನ್ನೊಂದು ಪೈಪಿನಲ್ಲಿ ಟ್ಯಾಂಕ್‌ಗೆ ವಾಪಸ್ ಹೋಗುತ್ತದೆ.

ಕಾರ್ಬುರೇಟರ್ ಒಳಗೆ ಒಂದು ಸಣ್ಣ ತೊಟ್ಟಿ ಇದೆ. ಅದರಲ್ಲಿ ತೇಲುವ ಫ್ಲೋಟ್, ಅದರ ಮೇಲೆ ಒಂದು ನೀಡಲ್ ವಾಲ್ವ್. ಮನೆ ಸಂಪಿನ ಬಾಲ್ ವಾಲ್ವ್ ಥರವೇ: ಮಟ್ಟ ಏರಿದರೆ ಮುಚ್ಚುತ್ತದೆ, ಇಳಿದರೆ ತೆರೆಯುತ್ತದೆ. ಈ ತೊಟ್ಟಿಯಿಂದ ಪೆಟ್ರೋಲ್ ಸಣ್ಣ ತೂತಿನ ಜೆಟ್‌ಗಳ ಮೂಲಕ ಗಾಳಿಯ ಜೊತೆ ಬೆರೆತು ಇಂಜಿನ್‌ಗೆ ಹೋಗುತ್ತದೆ. 1 ಕೆಜಿ ಪೆಟ್ರೋಲ್ ಪೂರ್ತಿ ಉರಿಯಲು ಸುಮಾರು 14.7 ಕೆಜಿ ಗಾಳಿ ಬೇಕು. ಈ ಲೆಕ್ಕ ತಪ್ಪಿದಾಗಲೇ ಕಪ್ಪು ಹೊಗೆ, ಮಿಸ್ಸಿಂಗ್, ಪಿಕಪ್ ಇಲ್ಲದಿರುವುದು ಎಲ್ಲ ಶುರುವಾಗುತ್ತವೆ.

ಕೈ ಹಾಕುವ ಮುಂಚೆ: ಬೆಂಕಿ ಎಚ್ಚರ

ಓಮ್ನಿಯ ಇಂಜಿನ್ ಇರುವುದು ಮುಂದಿನ ಸೀಟಿನ ಕೆಳಗೆ. ಅಂದರೆ ಪೆಟ್ರೋಲ್ ಸೋರಿದರೆ ಅದು ಡ್ರೈವರ್ ಕೂತ ಜಾಗದ ಬುಡದಲ್ಲೇ, ಬಿಸಿ ಸೈಲೆನ್ಸರ್ ಪೈಪಿನ ಪಕ್ಕದಲ್ಲೇ ಸೋರುತ್ತದೆ. ಹಾಗಾಗಿ:

- ಇಂಜಿನ್ ಪೂರ್ತಿ ತಣ್ಣಗಾದ ಮೇಲೆ, ಬಯಲಲ್ಲಿ ನಿಲ್ಲಿಸಿ ಕೆಲಸ ಮಾಡಿ. ಮುಚ್ಚಿದ ಶೆಡ್ ಬೇಡ.
- ಬೀಡಿ, ಸಿಗರೇಟ್, ಪೂಜೆಯ ಊದುಬತ್ತಿ ಯಾವುದೂ ಹತ್ತಿರ ಇರಬಾರದು.
- ಪೆಟ್ರೋಲ್ ಪೈಪ್ ಬಿಚ್ಚುವ ಮುಂಚೆ ಬ್ಯಾಟರಿಯ ನೆಗೆಟಿವ್ ವೈರ್ ತೆಗೆಯಿರಿ.
- ಪಕ್ಕದಲ್ಲಿ ಬೆಂಕಿ ನಂದಿಸುವ ಸಿಲಿಂಡರ್ ಅಥವಾ ಒಣ ಮರಳಿನ ಬಕೆಟ್ ಇರಲಿ. ಪೆಟ್ರೋಲ್ ಬೆಂಕಿಗೆ ನೀರು ಸುರಿಯಬಾರದು.
- ಬಾಯಿಂದ ಪೈಪ್ ಎಳೆದು ಪೆಟ್ರೋಲ್ ತೆಗೆಯುವ ಅಭ್ಯಾಸ ಬಿಡಿ. ಅದು ಶ್ವಾಸಕೋಶಕ್ಕೆ ಹೋದರೆ ಪ್ರಾಣಕ್ಕೇ ಅಪಾಯ.

ಲಕ್ಷಣ ನೋಡಿ ಜಾಗ ಗುರುತಿಸಿ

- ಐದು ಹತ್ತು ಕಿಲೋಮೀಟರ್ ಚೆನ್ನಾಗಿ ಓಡಿ ನಿಲ್ಲುತ್ತದೆ, ಸ್ವಲ್ಪ ಹೊತ್ತು ಬಿಟ್ಟರೆ ಮತ್ತೆ ಸ್ಟಾರ್ಟ್ ಆಗುತ್ತದೆ: ಟ್ಯಾಂಕ್ ಮುಚ್ಚಳದ ಗಾಳಿ ದಾರಿ, ಫಿಲ್ಟರ್, ಇಲ್ಲವೇ ಬಿಸಿಗೆ ಪೆಟ್ರೋಲ್ ಆವಿಯಾಗುವುದು.
- ಖಾಲಿ ಗಾಡಿ ಸರಿ, ಲೋಡ್ ಹಾಕಿ ಏರು ಹತ್ತುವಾಗ ಮಾತ್ರ ಜಗ್ಗುತ್ತದೆ: ಫಿಲ್ಟರ್ ಕಟ್ಟಿರುವುದು ಅಥವಾ ಪಂಪ್ ಸೋತಿರುವುದು.
- ಚೋಕ್ ಎಳೆದರೆ ಮಾತ್ರ ಇಂಜಿನ್ ನಿಲ್ಲದೆ ಓಡುತ್ತದೆ: ಐಡ್ಲಿಂಗ್ ಜೆಟ್ ಕಟ್ಟಿದೆ, ಸೊಲೆನಾಯ್ಡ್ ಕೆಲಸ ಮಾಡುತ್ತಿಲ್ಲ, ಅಥವಾ ಎಲ್ಲೋ ಗಾಳಿ ಲೀಕ್ ಇದೆ.
- ಆಕ್ಸಿಲರೇಟರ್ ಒತ್ತಿದ ಕೂಡಲೇ ಒಂದು ಕ್ಷಣ ಬಿದ್ದುಹೋಗಿ ಆಮೇಲೆ ಎಳೆಯುತ್ತದೆ: ಕಾರ್ಬುರೇಟರ್‌ನ ಆಕ್ಸಿಲರೇಟರ್ ಪಂಪ್.
- ಕಪ್ಪು ಹೊಗೆ, ಪೆಟ್ರೋಲ್ ವಾಸನೆ, ಮೈಲೇಜ್ ಬಿದ್ದಿದೆ: ಓವರ್‌ಫ್ಲೋ, ಚೋಕ್ ಪೂರ್ತಿ ತೆರೆಯದಿರುವುದು, ಏರ್ ಫಿಲ್ಟರ್ ಕಟ್ಟಿರುವುದು.
- ಒಂದು ಸಿಲಿಂಡರ್ ಮಾತ್ರ ಸದಾ ಬಿಡುತ್ತದೆ: ಮೊದಲು ಪ್ಲಗ್ ಮತ್ತು ಪ್ಲಗ್ ವೈರ್ ನೋಡಿ. ಒಂದೇ ಕಾರ್ಬುರೇಟರ್ ಮೂರೂ ಸಿಲಿಂಡರ್‌ಗೆ ಪೆಟ್ರೋಲ್ ಕೊಡುವುದರಿಂದ, ಕಾರ್ಬುರೇಟರ್ ತೊಂದರೆಯಾದರೆ ಸಾಮಾನ್ಯವಾಗಿ ಮೂರೂ ಒಟ್ಟಿಗೆ ಕೆಡುತ್ತವೆ.

ಹೆಜ್ಜೆ 1: ಟ್ಯಾಂಕ್ ಮುಚ್ಚಳ

ಪೆಟ್ರೋಲ್ ಖಾಲಿಯಾದಷ್ಟೂ ಟ್ಯಾಂಕ್ ಒಳಗೆ ಗಾಳಿ ಹೋಗಬೇಕು. ಆ ದಾರಿ ಧೂಳಿನಿಂದ ಮುಚ್ಚಿದರೆ ಒಳಗೆ ನಿರ್ವಾತವಾಗಿ ಪಂಪ್ ಎಷ್ಟು ಎಳೆದರೂ ಪೆಟ್ರೋಲ್ ಬರುವುದಿಲ್ಲ. ಗಾಡಿ ನಿಂತ ತಕ್ಷಣ ಮುಚ್ಚಳ ನಿಧಾನ ತೆರೆಯಿರಿ. "ಸುಯ್" ಅಂತ ಗಾಳಿ ಒಳಗೆ ಎಳೆದುಕೊಂಡು, ಆಮೇಲೆ ಗಾಡಿ ಸರಿಯಾಗಿ ಓಡಿದರೆ ಕಾರಣ ಸಿಕ್ಕಿತು. ಮುಚ್ಚಳ ಬದಲಿಸಿ, ಟ್ಯಾಂಕ್‌ನ ಗಾಳಿ ಪೈಪ್ ಸ್ವಚ್ಛ ಮಾಡಿಸಿ. ಮುಚ್ಚಳದ ಜಾಗಕ್ಕೆ ಬಟ್ಟೆ ತುರುಕಿ ಓಡಿಸಬೇಡಿ.

ಹೆಜ್ಜೆ 2: ಟ್ಯಾಂಕ್‌ನಲ್ಲಿರುವ ಪೆಟ್ರೋಲ್

ಸ್ವಲ್ಪ ಪೆಟ್ರೋಲನ್ನು ಒಣಗಿದ ಗಾಜಿನ ಬಾಟಲಿಗೆ ಹಿಡಿದು, ಮುಚ್ಚಿ, ಒಂದು ತಾಸು ಅಲುಗಾಡದಂತೆ ಇಡಿ. ತಳದಲ್ಲಿ ಬೇರೆ ಪದರ ಕಂಡರೆ ನೀರು ಸೇರಿದೆ. ಕೆಂಪು ಪುಡಿ ಕಂಡರೆ ಟ್ಯಾಂಕ್ ಒಳಗೆ ತುಕ್ಕು. ಎರಡಕ್ಕೂ ಟ್ಯಾಂಕ್ ಇಳಿಸಿ ತೊಳೆಸುವುದೇ ಪರಿಹಾರ. ತುಕ್ಕು ಹಿಡಿದ ಟ್ಯಾಂಕ್ ಹಾಗೇ ಬಿಟ್ಟು ಕಾರ್ಬುರೇಟರ್ ಸರ್ವಿಸ್ ಮಾಡಿಸಿದರೆ ಅದೇ ಕಸ ಮತ್ತೆ ಬಂದು ಕೂರುತ್ತದೆ.

ಬಂಕ್‌ನ ಪೆಟ್ರೋಲ್ ಮೇಲೆ ಅನುಮಾನ ಇದ್ದರೆ ಅಲ್ಲೇ ಫಿಲ್ಟರ್ ಪೇಪರ್ ಪರೀಕ್ಷೆ ಕೇಳಬಹುದು. ಅಳತೆ ಬಗ್ಗೆ ಸಂಶಯವಾದರೆ 5 ಲೀಟರ್ ಅಳತೆಯಲ್ಲಿ ಹಿಡಿದು ತೋರಿಸಲು ಕೇಳಬಹುದು. ಗ್ರಾಹಕರು ಕೇಳಿದರೆ ಬಂಕ್‌ನವರು ಎರಡನ್ನೂ ಮಾಡಿ ತೋರಿಸಬೇಕು.

ಹೆಜ್ಜೆ 3: ಪೈಪ್ ಮತ್ತು ಫಿಲ್ಟರ್

ಫಿಲ್ಟರ್ ಎಷ್ಟು ದಿನದ್ದು ಅಂತ ನೆನಪೇ ಇಲ್ಲದಿದ್ದರೆ ಬದಲಿಸಿಬಿಡಿ. ಇಡೀ ದಾರಿಯಲ್ಲಿ ಅಗ್ಗದ ಸಾಮಾನು ಅದೇ. ಅದರ ಮೇಲಿನ ಬಾಣದ ಗುರುತು ಪೆಟ್ರೋಲ್ ಹೋಗುವ ಕಡೆಗೇ ಇರಬೇಕು.

ರಬ್ಬರ್ ಪೈಪುಗಳನ್ನು ಬಗ್ಗಿಸಿ ನೋಡಿ. ಬಿರುಕು, ಊದಿಕೊಂಡ ಜಾಗ, ಅಂಟು ಕಂಡರೆ ಬದಲಿಸಿ. ಪಂಪ್‌ಗಿಂತ ಹಿಂದಿನ ಪೈಪಿನಲ್ಲಿ ಬಿರುಕಿದ್ದರೆ ಪೆಟ್ರೋಲ್ ಹೊರಗೆ ಸೋರದೆಯೂ ಇರಬಹುದು, ಪಂಪ್ ಪೆಟ್ರೋಲ್ ಬದಲು ಗಾಳಿ ಎಳೆಯುತ್ತದೆ. ಹೊರಗೆ ಒದ್ದೆ ಕಾಣಲಿಲ್ಲ ಅಂತ ಪೈಪ್ ಸರಿ ಇದೆ ಅನ್ನುವ ಹಾಗಿಲ್ಲ. ಹೊಸದು ತರುವಾಗ ಪೆಟ್ರೋಲ್ ಪೈಪೇ ತನ್ನಿ. ನೀರಿನ ಪೈಪ್, ಗಾರ್ಡನ್ ಪೈಪ್ ಬೇಡ. ತಂತಿ ಸುತ್ತಿ ಬಿಗಿಯುವ ಬದಲು ಸರಿಯಾದ ಕ್ಲಿಪ್ ಹಾಕಿಸಿ.

ಹೆಜ್ಜೆ 4: ಪಂಪ್

ಇದಕ್ಕೆ ಇಬ್ಬರು ಬೇಕು. ಕಾರ್ಬುರೇಟರ್‌ಗೆ ಬರುವ ಪೈಪ್ ಬಿಚ್ಚಿ ಅದರ ತುದಿಯನ್ನು ಬಾಟಲಿಯೊಳಗೆ ಇಳಿಸಿ. ಇಗ್ನಿಷನ್ ಕಾಯಿಲ್‌ಗೆ ಬರುವ ಕರೆಂಟ್ ವೈರ್ ತೆಗೆದಿಡಿ, ಕಿಡಿ ಹಾರಬಾರದು. ಆಮೇಲೆ ಬ್ಯಾಟರಿ ವೈರ್ ಹಾಕಿ ಕೆಲವೇ ಸೆಕೆಂಡ್ ಸೆಲ್ಫ್ ಹೊಡೆಯಿರಿ. ಪ್ರತಿ ಬಡಿತಕ್ಕೂ ಪೆಟ್ರೋಲ್ ಜೋರಾಗಿ ಚಿಮ್ಮಬೇಕು. ಹನಿ ಹನಿ ಬಂದರೆ, ಗುಳ್ಳೆ ಬಂದರೆ ಪಂಪ್ ಅಥವಾ ಅದರ ಹಿಂದಿನ ದಾರಿಯಲ್ಲಿ ತೊಂದರೆ. ಫಿಲ್ಟರ್, ಪೈಪ್ ಆಗಲೇ ಸರಿ ಇದ್ದರೆ ಉಳಿದದ್ದು ಪಂಪ್.

ಡಯಾಫ್ರಮ್ ಹರಿದಿದ್ದರೆ ಇನ್ನೊಂದು ಅಪಾಯ ಇದೆ. ಪೆಟ್ರೋಲ್ ಇಂಜಿನ್ ಆಯಿಲ್‌ಗೆ ಇಳಿಯುತ್ತದೆ. ಆಯಿಲ್ ಕಡ್ಡಿ ಎಳೆದು ಮೂಸಿ ನೋಡಿ. ಪೆಟ್ರೋಲ್ ವಾಸನೆ ಬಂದರೆ, ಮಟ್ಟ ತಾನಾಗಿ ಏರಿದ್ದರೆ ಇಂಜಿನ್ ಸ್ಟಾರ್ಟ್ ಮಾಡಬೇಡಿ. ಪಂಪ್ ಬದಲಿಸಿ, ಆಯಿಲ್ ಮತ್ತು ಆಯಿಲ್ ಫಿಲ್ಟರ್ ಎರಡನ್ನೂ ಬದಲಿಸಿ. ತೆಳುವಾದ ಆಯಿಲ್‌ನಲ್ಲಿ ಓಡಿಸಿದರೆ ಬೇರಿಂಗ್ ಸವೆದು ಇಂಜಿನ್ ಬೋರ್ ಕೆಲಸಕ್ಕೇ ಬರುತ್ತದೆ.

ಹೆಜ್ಜೆ 5: ಕರೆಂಟ್ ಕಡೆ ಒಮ್ಮೆ ನೋಡಿ

ಕಾರ್ಬುರೇಟರ್ ಮೇಲೆ ಬರುವ ದೂರುಗಳಲ್ಲಿ ಒಂದಿಷ್ಟು ಕರೆಂಟಿನದ್ದು. ಮೂರೂ ಪ್ಲಗ್ ಬಿಚ್ಚಿ ಬಣ್ಣ ನೋಡಿ. ತಿಳಿ ಕಂದು ಇದ್ದರೆ ಸರಿ. ಕಪ್ಪು ಮಸಿ ಹಿಡಿದಿದ್ದರೆ ಪೆಟ್ರೋಲ್ ಜಾಸ್ತಿ. ಬಿಳಿಚಿಕೊಂಡಿದ್ದರೆ ಪೆಟ್ರೋಲ್ ಕಡಿಮೆ ಅಥವಾ ಗಾಳಿ ಲೀಕ್. ಒಂದು ಮಾತ್ರ ಕಪ್ಪಾಗಿ ಒದ್ದೆಯಾಗಿದ್ದರೆ ಆ ಪ್ಲಗ್‌ನಲ್ಲಿ ಕಿಡಿ ಇಲ್ಲ. ಡಿಸ್ಟ್ರಿಬ್ಯೂಟರ್ ಕ್ಯಾಪ್ ಬಿರುಕು, ಹಳೆ ಗಾಡಿಗಳಲ್ಲಿ ಪಾಯಿಂಟ್ ಸವೆತ, ಟೈಮಿಂಗ್ ಇವನ್ನೂ ಈ ಹಂತದಲ್ಲೇ ನೋಡಿಸಿ.

ಹೆಜ್ಜೆ 6: ಕೊನೆಗೆ ಕಾರ್ಬುರೇಟರ್

ಬಿಚ್ಚದೆಯೇ ನೋಡಬಹುದಾದ ನಾಲ್ಕು ಸಂಗತಿಗಳಿವೆ.

ಮೊದಲನೆಯದು ಗಾಜಿನ ಕಿಟಕಿ. ಕಾರ್ಬುರೇಟರ್ ಪಕ್ಕದಲ್ಲಿ ಸಣ್ಣ ದುಂಡು ಗಾಜು ಇರುತ್ತದೆ. ಇಂಜಿನ್ ಐಡ್ಲಿಂಗ್‌ನಲ್ಲಿದ್ದಾಗ ಪೆಟ್ರೋಲ್ ಮಟ್ಟ ಅದರ ನಡುವಿನ ಗುರುತಿನಲ್ಲಿರಬೇಕು. ಕೆಳಗಿದ್ದರೆ ಪೆಟ್ರೋಲ್ ಸಾಲುತ್ತಿಲ್ಲ. ಗಾಜು ಪೂರ್ತಿ ಮುಳುಗಿದ್ದರೆ ನೀಡಲ್ ವಾಲ್ವ್‌ಗೆ ಕಸ ಕೂತಿದೆ ಅಥವಾ ಫ್ಲೋಟ್ ತೂತಾಗಿದೆ.

ಎರಡನೆಯದು ಸೊಲೆನಾಯ್ಡ್. ಇಂಜಿನ್ ಸ್ಟಾರ್ಟ್ ಮಾಡದೆ ಕೀ ಆನ್, ಆಫ್ ಮಾಡಿ. ಕಾರ್ಬುರೇಟರ್ ಹತ್ತಿರ "ಟಕ್" ಅಂತ ಕೇಳಬೇಕು. ಕೇಳದಿದ್ದರೆ ಅದರ ವೈರ್ ಕಳಚಿರಬಹುದು ಅಥವಾ ಸೊಲೆನಾಯ್ಡ್ ಕೆಟ್ಟಿರಬಹುದು. ಇದು ತೆರೆಯದಿದ್ದರೆ ಐಡ್ಲಿಂಗ್ ನಿಲ್ಲುವುದೇ ಇಲ್ಲ.

ಮೂರನೆಯದು ಆಕ್ಸಿಲರೇಟರ್ ಪಂಪ್. ಇಂಜಿನ್ ಆಫ್ ಇರಲಿ, ತಣ್ಣಗಿರಲಿ. ಏರ್ ಫಿಲ್ಟರ್‌ನಿಂದ ಬರುವ ಪೈಪ್ ತೆಗೆದು, ಚೋಕ್ ತೆರೆದು ಒಳಗೆ ನೋಡುತ್ತಾ ಥ್ರಾಟಲ್ ಕೈಯಿಂದ ತಿರುಗಿಸಿ. ಪೆಟ್ರೋಲ್ ಸಣ್ಣ ಪಿಚಕಾರಿಯಂತೆ ಚಿಮ್ಮಬೇಕು. ಮುಖ ತೀರಾ ಹತ್ತಿರ ತರಬೇಡಿ.

ನಾಲ್ಕನೆಯದು ಗಾಳಿ ಲೀಕ್. ಕಾರ್ಬುರೇಟರ್ ಬುಡದ ಪ್ಯಾಕಿಂಗ್, ವ್ಯಾಕ್ಯೂಮ್ ಪೈಪುಗಳು ಗಟ್ಟಿಯಾಗಿ ಒಡೆದಿವೆಯಾ ನೋಡಿ. ಐಡ್ಲಿಂಗ್‌ನಲ್ಲಿ ಒಂದೊಂದೇ ವ್ಯಾಕ್ಯೂಮ್ ಪೈಪನ್ನು ಅದರ ಬುಡದಲ್ಲಿ ಒತ್ತಿ ಹಿಡಿದಾಗ ಇಂಜಿನ್ ಸರಿಹೋದರೆ ಲೀಕ್ ಆ ಪೈಪಿನಲ್ಲಿದೆ. ಬಿಸಿ ಇಂಜಿನ್ ಮೇಲೆ ಪೆಟ್ರೋಲ್ ಚಿಮುಕಿಸಿ ಲೀಕ್ ಹುಡುಕುವ ಪದ್ಧತಿ ಬೆಂಕಿಗೆ ಆಹ್ವಾನ.

ಇಷ್ಟರಲ್ಲೂ ಕಾರಣ ಸಿಗದಿದ್ದರೆ, ಅಥವಾ ಜೆಟ್ ಕಟ್ಟಿದೆ ಅಂತ ಖಚಿತವಾದರೆ ಮಾತ್ರ ಬಿಚ್ಚಿಸಿ. ಆಗ ಗಮನಿಸಬೇಕಾದ್ದು:

- ಜೆಟ್ ತೂತಿಗೆ ಪಿನ್, ತಂತಿ ಹಾಕಬಾರದು. ಹಿತ್ತಾಳೆ ಮೆದು, ತೂತು ಕೂದಲೆಳೆಯಷ್ಟು ದೊಡ್ಡದಾದರೂ ಪೆಟ್ರೋಲ್ ಕುಡಿಯಲು ಶುರುವಾಗುತ್ತದೆ. ಕಾರ್ಬುರೇಟರ್ ಕ್ಲೀನರ್ ಮತ್ತು ಗಾಳಿ ಸಾಕು.
- ಕ್ಲೀನರ್ ಹಾಕುವ ಮುಂಚೆ ರಬ್ಬರ್, ಡಯಾಫ್ರಮ್ ತೆಗೆದಿಡಬೇಕು. ಕಣ್ಣಿಗೆ ಕನ್ನಡಕ ಇರಲಿ.
- ಮಿಕ್ಸ್ಚರ್ ಸ್ಕ್ರೂ ತೆಗೆಯುವ ಮುಂಚೆ ಹಗುರವಾಗಿ ಒಳಗೆ ತಿರುಗಿಸಿ ಎಷ್ಟು ಸುತ್ತು ಅಂತ ಎಣಿಸಿ ಬರೆದಿಟ್ಟುಕೊಳ್ಳಿ. ವಾಪಸ್ ಹಾಕುವಾಗ ಅಷ್ಟೇ ಸುತ್ತು.
- ಹಳೆ ಪ್ಯಾಕಿಂಗ್ ಮತ್ತೆ ಹಾಕಬೇಡಿ. ರಿಪೇರಿ ಕಿಟ್‌ನಲ್ಲಿ ಹೊಸ ಪ್ಯಾಕಿಂಗ್, ನೀಡಲ್ ವಾಲ್ವ್ ಬರುತ್ತವೆ.
- ಥ್ರಾಟಲ್ ಶಾಫ್ಟ್ ಅಲುಗಾಡುತ್ತಿದ್ದರೆ ಬಾಡಿಯೇ ಸವೆದಿದೆ. ಕಾರ್ಬುರೇಟರ್ ಬದಲಿಸಲು ಇದು ನಿಜವಾದ ಕಾರಣ.

ಐಡ್ಲಿಂಗ್ ನಿಲ್ಲದಿದ್ದಾಗ ಬರೀ ಸ್ಕ್ರೂ ತಿರುಗಿಸಿ ಆರ್‌ಪಿಎಂ ಏರಿಸುವುದು ತೊಂದರೆ ಮುಚ್ಚಿಡುವ ಕೆಲಸ. ಒಂದೆರಡು ವಾರದಲ್ಲಿ ಅದೇ ದೂರು ವಾಪಸ್ ಬರುತ್ತದೆ, ಪೆಟ್ರೋಲ್ ಖರ್ಚು ಬೇರೆ.

ಬೇಸಿಗೆಯಲ್ಲಿ ಸ್ಟಾರ್ಟ್ ಆಗದಿದ್ದರೆ

ಏಪ್ರಿಲ್, ಮೇ ಬಿಸಿಲಲ್ಲಿ ಘಾಟಿ ಹತ್ತಿದ ಮೇಲೆ ಐದು ನಿಮಿಷ ನಿಲ್ಲಿಸಿದರೆ ಓಮ್ನಿ ಕೆಲವೊಮ್ಮೆ ಸ್ಟಾರ್ಟೇ ಆಗುವುದಿಲ್ಲ. ಸೀಟಿನ ಕೆಳಗಿನ ಬಿಸಿಗೆ ಪೆಟ್ರೋಲ್ ಪೈಪಿನಲ್ಲೇ ಆವಿಯಾಗಿ, ಪಂಪ್ ಆ ಆವಿಯನ್ನು ಎಳೆಯಲಾರದೆ ನಿಲ್ಲುತ್ತದೆ. ಇದೇ ವೇಪರ್ ಲಾಕ್. ಎಲ್ಲೂ ಪೆಟ್ರೋಲ್ ಸೋರಿಲ್ಲ ಅಂತ ಖಾತ್ರಿ ಮಾಡಿಕೊಂಡು, ನೆರಳಲ್ಲಿ ನಿಲ್ಲಿಸಿ, ಸೀಟ್ ಎತ್ತಿಟ್ಟು, ಪಂಪ್ ಮತ್ತು ಪೈಪ್ ಮೇಲೆ ಒದ್ದೆ ಬಟ್ಟೆ ಹಾಕಿ ಅರ್ಧ ತಾಸು ಬಿಡಿ. ಪದೇ ಪದೇ ಆದರೆ ಪೈಪ್ ಸೈಲೆನ್ಸರ್‌ಗೆ ತಾಗುತ್ತಿದೆಯಾ, ಶಾಖ ತಡೆಯುವ ತಗಡು ಕಳಚಿದೆಯಾ, ರಿಟರ್ನ್ ಪೈಪ್ ಮುಚ್ಚಿದೆಯಾ ನೋಡಿಸಿ.

ಪೆಟ್ರೋಲ್ ವಾಸನೆ ಜೋರಾಗಿದ್ದೂ ಸ್ಟಾರ್ಟ್ ಆಗದಿದ್ದರೆ ಮೊದಲು ಸೀಟ್ ಎತ್ತಿ ಹೊರಗೆ ಸೋರಿದೆಯಾ ನೋಡಿ. ಹೊರಗೆ ಒದ್ದೆ ಇಲ್ಲದಿದ್ದರೆ ಅದು ಇಂಜಿನ್ ಒಳಗಿನ ಓವರ್‌ಫ್ಲೋ. ಚೋಕ್ ಒಳಗೆ ತಳ್ಳಿ, ಆಕ್ಸಿಲರೇಟರ್ ಪೂರ್ತಿ ಒತ್ತಿ ಹಿಡಿದು ಹತ್ತು ಸೆಕೆಂಡ್ ಮೀರದಂತೆ ಸೆಲ್ಫ್ ಹೊಡೆಯಿರಿ. ಆಕ್ಸಿಲರೇಟರ್ ಪದೇ ಪದೇ ಒತ್ತಿದರೆ ಇನ್ನಷ್ಟು ಪೆಟ್ರೋಲ್ ಸುರಿಯುತ್ತದೆ ಅಷ್ಟೇ.

ಇ20 ಪೆಟ್ರೋಲ್ ಮತ್ತು ಹಳೆ ರಬ್ಬರ್

ಶೇ 20ರಷ್ಟು ಎಥನಾಲ್ ಬೆರೆತ ಇ20 ಪೆಟ್ರೋಲ್ ಮಾರಾಟಕ್ಕೆ 2023ರ ಫೆಬ್ರುವರಿ 6ರಂದು ಬೆಂಗಳೂರಿನಲ್ಲಿ ಚಾಲನೆ ಸಿಕ್ಕಿತ್ತು. ಈಗ ಅದು ದೇಶದ ಉದ್ದಗಲಕ್ಕೂ ಬಂದಿದೆ. ಹಳೆ ಓಮ್ನಿಯ ಪೈಪ್, ಡಯಾಫ್ರಮ್, ಪ್ಯಾಕಿಂಗ್ ತಯಾರಾದದ್ದು ಇಷ್ಟು ಎಥನಾಲ್ ಲೆಕ್ಕ ಹಾಕಿ ಅಲ್ಲ.

ಇದರಿಂದ ಮೂರು ಪರಿಣಾಮ. ಒಂದು, ಹಳೆ ರಬ್ಬರ್ ಊದಿಕೊಳ್ಳಬಹುದು, ಬಿರುಕು ಬಿಡಬಹುದು. ಎರಡು, ಎಥನಾಲ್ ತೇವ ಹೀರುತ್ತದೆ. ನೀರು ಜಾಸ್ತಿಯಾದರೆ ನೀರು ಮತ್ತು ಎಥನಾಲ್ ಒಟ್ಟಾಗಿ ಬೇರ್ಪಟ್ಟು ಟ್ಯಾಂಕ್ ತಳಕ್ಕೆ ಇಳಿಯುತ್ತವೆ, ಪಂಪ್ ಎಳೆಯುವುದೂ ತಳದಿಂದಲೇ. ಮೂರು, ಎಥನಾಲ್ ಉರಿಯಲು ಪೆಟ್ರೋಲ್‌ಗಿಂತ ಕಡಿಮೆ ಗಾಳಿ ಸಾಕು, 1 ಕೆಜಿಗೆ ಸುಮಾರು 9 ಕೆಜಿ. ಕಂಪ್ಯೂಟರ್ ಇರುವ ಗಾಡಿ ಈ ವ್ಯತ್ಯಾಸ ತಾನೇ ಸರಿಮಾಡಿಕೊಳ್ಳುತ್ತದೆ, ಕಾರ್ಬುರೇಟರ್‌ಗೆ ಅದು ಬರುವುದಿಲ್ಲ. ಹಾಗಾಗಿ ಪಿಕಪ್ ಮತ್ತು ಮೈಲೇಜ್ ಸ್ವಲ್ಪ ಇಳಿಯಬಹುದು.

ಮಾಡಬೇಕಾದ್ದು ಇಷ್ಟು: ಪೈಪ್, ಡಯಾಫ್ರಮ್, ಕಿಟ್ ಬದಲಿಸುವಾಗ ಎಥನಾಲ್ ತಡೆಯುವ ರಬ್ಬರ್‌ನದ್ದೇ ಕೇಳಿ. ಟ್ಯಾಂಕ್ ಗೋಡೆಗೆ ಅಂಟಿದ ಹಳೆ ಕಸವನ್ನು ಎಥನಾಲ್ ಕರಗಿಸಿ ಎಬ್ಬಿಸುವುದರಿಂದ ಫಿಲ್ಟರ್ ಬೇಗ ಬೇಗ ಬದಲಿಸಿ. ಗಾಡಿ ವಾರಗಟ್ಟಲೆ ನಿಲ್ಲುವುದಿದ್ದರೆ, ಮಳೆಗಾಲದಲ್ಲಂತೂ, ಅರ್ಧ ಖಾಲಿ ಟ್ಯಾಂಕ್‌ನಲ್ಲಿ ಬಿಡಬೇಡಿ.

ಗ್ಯಾಸ್‌ನಲ್ಲಿ ಓಡುವ ಗಾಡಿ

ಎಲ್‌ಪಿಜಿ ಇರುವ ಓಮ್ನಿಯಲ್ಲಿ ಪೆಟ್ರೋಲ್ ಬಳಸುವುದೇ ಅಪರೂಪ. ಕಾರ್ಬುರೇಟರ್ ತೊಟ್ಟಿಯಲ್ಲಿ ನಿಂತ ಪೆಟ್ರೋಲ್ ಆರಿ ಅಂಟಾಗುತ್ತದೆ, ಜೆಟ್ ಕಟ್ಟುತ್ತದೆ. ಗ್ಯಾಸ್ ಖಾಲಿಯಾದ ದಿನ ಪೆಟ್ರೋಲ್‌ಗೆ ಹಾಕಿದರೆ ಗಾಡಿ ಎದ್ದೇಳುವುದಿಲ್ಲ. ವಾರಕ್ಕೊಮ್ಮೆ ಐದಾರು ಕಿಲೋಮೀಟರ್ ಪೆಟ್ರೋಲ್‌ನಲ್ಲಿ ಓಡಿಸಿದರೆ ಈ ತೊಂದರೆ ತಪ್ಪುತ್ತದೆ. ಅಡುಗೆ ಸಿಲಿಂಡರ್ ಕಟ್ಟಿ ಓಡಿಸುವುದು ಕಾನೂನುಬಾಹಿರ, ಜೀವಕ್ಕೂ ಅಪಾಯ.

ಹೊಗೆ ತಪಾಸಣೆ

ರಿಪೇರಿ ಆದ ಮೇಲೆ ಮಿಕ್ಸ್ಚರ್ ಸರಿ ಕೂತಿದೆಯಾ ಅಂತ ತಿಳಿಯಲು ಹೊಗೆ ತಪಾಸಣಾ ಕೇಂದ್ರದ ಮೀಟರ್ ಒಳ್ಳೆಯ ಸಾಕ್ಷಿ. ಭಾರತ್ ಸ್ಟೇಜ್ 2ಕ್ಕೂ ಹಿಂದಿನ ಪೆಟ್ರೋಲ್ ನಾಲ್ಕು ಚಕ್ರದ ಗಾಡಿಗೆ ಐಡ್ಲಿಂಗ್‌ನಲ್ಲಿ ಕಾರ್ಬನ್ ಮಾನಾಕ್ಸೈಡ್ ಮಿತಿ ಶೇ 3. ಅದಕ್ಕಿಂತ ಜಾಸ್ತಿ ಬಂದರೆ ಪೆಟ್ರೋಲ್ ಅರ್ಧಂಬರ್ಧ ಉರಿದು ಹೊಗೆಯಾಗಿ ಹೋಗುತ್ತಿದೆ, ಅಂದರೆ ನಿಮ್ಮ ದುಡ್ಡೇ ಹೋಗುತ್ತಿದೆ ಅಂತ ಅರ್ಥ.

ಗ್ಯಾರೇಜ್‌ನಲ್ಲಿ ಹೇಗೆ ಹೇಳಬೇಕು?

"ಕಾರ್ಬುರೇಟರ್ ಸರಿಮಾಡಿ" ಅನ್ನುವ ಬದಲು ಲಕ್ಷಣ ಹೇಳಿ. ಬಿಸಿಯಾದಾಗಲಾ ತಣ್ಣಗಿದ್ದಾಗಲಾ, ಲೋಡ್ ಇದ್ದಾಗಲಾ ಖಾಲಿ ಇದ್ದಾಗಲಾ, ಚೋಕ್ ಎಳೆದರೆ ಸರಿಹೋಗುತ್ತಾ, ಪೆಟ್ರೋಲ್ ಹಾಕಿಸಿದ ಮೇಲೆ ಶುರುವಾಯ್ತಾ, ಇದಕ್ಕೂ ಮುಂಚೆ ಏನೇನು ಬದಲಿಸಿದ್ದೀರಿ, ಇಷ್ಟು ಹೇಳಿದರೆ ಮೆಕ್ಯಾನಿಕ್‌ಗೆ ಅರ್ಧ ಕೆಲಸ ಆದಂತೆ. ಒಂದು ಸಲಕ್ಕೆ ಒಂದೇ ಸಾಮಾನು ಬದಲಿಸಿ, ಓಡಿಸಿ ನೋಡಿ. ಒಟ್ಟಿಗೆ ಮೂರು ಬದಲಿಸಿದರೆ ಯಾವುದರಿಂದ ಸರಿಹೋಯಿತು ಅಂತ ಗೊತ್ತಾಗುವುದಿಲ್ಲ. ಬಿಚ್ಚಿದ ಹಳೆ ಸಾಮಾನು ಕೇಳಿ ಪಡೆಯಿರಿ. ಫಿಲ್ಟರ್, ಪೈಪ್ ಬದಲಿಸಿದ ತಾರೀಕು ಮತ್ತು ಕಿಲೋಮೀಟರ್ ಒಂದು ಪುಸ್ತಕದಲ್ಲಿ ಬರೆದು ಗಾಡಿಯಲ್ಲೇ ಇಡಿ.

ದಿನಾ ಬೆಳಿಗ್ಗೆ ಲೋಡ್ ತುಂಬುವ ಮುಂಚೆ ಸೀಟ್ ಎತ್ತಿ ಒಮ್ಮೆ ಮೂಸಿ ನೋಡಿ. ಪೆಟ್ರೋಲ್ ವಾಸನೆ ಇದ್ದರೆ, ಎಲ್ಲಿಂದ ಅಂತ ಗೊತ್ತಾಗುವವರೆಗೆ ಕೀ ತಿರುಗಿಸಬೇಡಿ. ಸಂತೆ ಒಂದು ವಾರ ತಪ್ಪಿದರೆ ಮುಂದಿನ ವಾರ ಇದ್ದೇ ಇದೆ.